ತಂಗಿಗೆ ಕೇಳಿಸುತ್ತಿತ್ತು

ಮೊಮ್ಮಗಳು ಉಗುರಿನ ಬಣ್ಣ ಒರೆಸಲು ಸಣ್ಣ ಶೀಶೆಯ ಮುಚ್ಚಳ ಬಿಚ್ಚಿದಳು. ಆ ಘಾಟು ಮೂಗಿಗೆ ಬಡಿದದ್ದೇ ಕೈಯಲ್ಲಿದ್ದ ಮೊರ ಕೆಳಗಿಟ್ಟು ಹೊರಗೆ ಬಂದು ಕುಳಿತೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನ ತಂಗಿಯ ನೆತ್ತಿಗೆ ಅಂಟಿಸಿದ್ದ ತಂತಿಗಳನ್ನು ಬಿಡಿಸುವಾಗ ಇದೇ ವಾಸನೆ ಬಂದಿತ್ತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆ ವಾಸನೆಗೆ ಹೆಸರೇನೆಂದು ಈಗಲೂ ಗೊತ್ತಿಲ್ಲ...

ನಮ್ಮದು ಹಿರಿಯೂರಿನಿಂದ ಮಾರಿಕಣಿವೆಗೆ ಹೋಗುವ ಕಡೆಯ ಊರು. ಮನೆಯಲ್ಲಿ ಕುರಿಗಳಿದ್ದವು. ತಂಗಿ ಚಿಕ್ಕವಳಿದ್ದಾಗ ಒಮ್ಮೆ ಜೋರು ಜ್ವರ ಬಂತು. ಜ್ವರ ಇಳಿದ ಮೇಲೆ ಅವಳ ಮಾತು ನಿಂತುಹೋಯಿತು. ಕರೆದರೆ ನೋಡುತ್ತಿರಲಿಲ್ಲ. ಹುಟ್ಟಿದ ಮರಿಗೆ ಕಿವಿ ಕೇಳುತ್ತದೆಯೇ ಎಂದು ನೋಡಲು ನಮ್ಮ ಮನೆಯಲ್ಲಿ ಅದರ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ತಿರುಗದ ಮರಿಯನ್ನು ಹಿಂಡಿನ ಜೊತೆ ದೂರ ಬಿಡುತ್ತಿರಲಿಲ್ಲ. ಅಪ್ಪ ತಂಗಿಯ ಹಿಂದೆಯೂ ಹಾಗೇ ನಿಂತು ತಟ್ಟಿದ. ಅವಳು ಗೋಡೆಯ ಮೇಲಿನ ಬಿಸಿಲನ್ನೇ ನೋಡುತ್ತಿದ್ದಳು.

"ಇದು ಕಿವುಡಾಗೈತೆ ಕಣೇ," ಎಂದ ಅವ್ವನಿಗೆ.

ಆಮೇಲೆ ನಾವು ಅವಳ ಎದುರಿಗೇ ಎಲ್ಲವನ್ನೂ ಆಡತೊಡಗಿದೆವು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು, ಮೂಲೆಯಲ್ಲಿ ಕುಳಿತಿದ್ದ ಅವಳನ್ನು ಕಂಡು, ಕಾಫಿಯನ್ನೂ ಮುಗಿಸದೆ ಎದ್ದು ಹೋದರು. ಆ ಸಂಜೆ ಅವಳ ತಲೆ ಬಾಚುತ್ತಲೇ ನಾನು ಅಂದೆ: "ಆ ಜ್ವರದಾಗೇ ಇದು ಹೋಗಿದ್ರೆ ಎಲ್ಲಾರಿಗೂ ಚಲೋ ಇತ್ತು."

"ಬಾಯಾಗೆ ಹುಳ ಬೀಳ್ತವೆ ನೋಡು," ಎಂದಳು ಅವ್ವ.

"ಅದಕ್ಕೇನ್ ಕೇಳಿಸ್ತೈತಾ?" ಎಂದು ನಕ್ಕೆ.

ಕೊನೆಗೂ ಹೊಳಲ್ಕೆರೆಯ ಒಂದು ಮನೆಯವರು ಒಪ್ಪಿ ನನ್ನ ಮದುವೆ ಗೊತ್ತಾಯಿತು. ಆ ಹೊತ್ತಿನಲ್ಲೇ ಹಿರಿಯೂರಿನ ಡಾಕ್ಟರು, ಒಮ್ಮೆ ಬೆಂಗಳೂರಿನಲ್ಲಿ ತೋರಿಸಿ ಎಂದರು. ಅಪ್ಪ ಮತ್ತು ನಾನು ಅವಳನ್ನು ಕರೆದುಕೊಂಡು ಹೋದೆವು. ತಲೆಗೆ ಕರೆಂಟು ಕೊಡುತ್ತಾರೆಂದು ಅಪ್ಪನಿಗೆ ಹೆದರಿಕೆ. "ನಾ ಒಳಕ್ಕೆ ಬರಾಕಿಲ್ಲ ಕಣವ್ವ, ನೀನೇ ಕುಂತ್ಕ," ಎಂದು ಗೇಟಿನ ಬಳಿಯೇ ಬೀಡಿ ಹಚ್ಚಿದ.

ಒಳಗಿದ್ದ ಡಾಕ್ಟರಮ್ಮ ನನ್ನ ಮುಖ ನೋಡಿ ನಕ್ಕರು. "ಕರೆಂಟು ನಾವು ಕೊಡೋದಿಲ್ಲಮ್ಮ. ಅದು ಅವಳ ತಲೆಯಲ್ಲೇ ಇರುತ್ತೆ. ನಾವು ಅಳೆಯೋದು ಅಷ್ಟೇ."

ತಂಗಿಯ ತಲೆಯ ಎಣ್ಣೆ ತೊಳೆಸಿ, ತಂತಿ ಅಂಟಿಸಿ, ಎರಡೂ ಕಿವಿಗೆ ಸದ್ದು ಬರುವ ಬಟ್ಟಲು ಕೂರಿಸಿದರು. ಮೊದಲು ನನ್ನ ಕಿವಿಗೂ ಇಟ್ಟು ತೋರಿಸಿದ್ದರು. ಒಂದೇ ಥರದ ಸದ್ದು ಬರುತ್ತಲೇ ಇರುತ್ತಿತ್ತು, ನಡುವೆ ಯಾವಾಗಲೋ ಒಮ್ಮೆ ಬೇರೆ ಸದ್ದು. ತಂಗಿ ಎಂದಿನಂತೆ ಎಲ್ಲೋ ನೋಡುತ್ತ ಕುಳಿತಿದ್ದಳು. ಬಹಳ ಹೊತ್ತಾದ ಮೇಲೆ ಡಾಕ್ಟರಮ್ಮ ನನ್ನನ್ನು ಕರೆದು ಪರದೆಯ ಮೇಲಿನ ಹಸಿರು ಗೆರೆ ತೋರಿಸಿದರು. ಅದು ಒಂದು ಕಡೆ ಗುಡ್ಡದ ಹಾಗೆ ಎದ್ದಿತ್ತು.

"ಬೇರೆ ಸದ್ದು ಬಂದಾಗ ಮಾತ್ರ ಇಷ್ಟು ಏಳುತ್ತೆ. ಅಂದರೆ ಕೇಳಿಸುತ್ತೆ. ಬರೀ ಕೇಳಿಸೋದಲ್ಲ, ಗಮನ ಇಟ್ಟು ಕೇಳ್ತಾಳೆ. ಎಷ್ಟು ಅರ್ಥ ಆಗುತ್ತೆ ಅಂತ ಈ ಗೆರೆ ಹೇಳಲ್ಲ. ಆದರೆ ದಿನಾ ಮಾತಾಡಿಸಬೇಕು. ಕೆಲವು ತಿಂಗಳು ಇಲ್ಲೇ ಇದ್ದರೆ ಕಲಿಸಿ ನೋಡ್ತೀವಿ. ಜೊತೆಗೆ ನೀನಿರ್ತೀಯಾ? ಅಪ್ಪನ್ನ ಕೇಳ್ಕೊಂಡು ಬಾ."

ಹಾಗಾದರೆ ಅವಳಿಗೆ ಎಲ್ಲವೂ ಕೇಳಿಸಿತ್ತು. ಬಾಚಣಿಗೆ ಹಿಡಿದು ನಾನಾಡಿದ್ದ ಮಾತು... ಅಂಥವು ಎಷ್ಟಿದ್ದವೋ. ಅವ್ವ ಕುರಿ ಬಿಟ್ಟು ಬರುವಂತಿರಲಿಲ್ಲ. ಉಳಿಯಬೇಕಾದವಳು ನಾನೇ. ಹೊಳಲ್ಕೆರೆಯವರು ಕಾಯುವ ಜನವಲ್ಲ. ತಂಗಿಯ ಕೈ ಹಿಡಿದು ಗೇಟಿನವರೆಗೆ ನಡೆದೆ.

"ಏನಂದ್ರು ಮಗಾ?" ಎಂದ ಅಪ್ಪ.

"ಮಿಷನ್ನಿಗೂ ಏನೂ ಸಿಗ್ಲಿಲ್ಲಂತೆ. ಊರಿಗೆ ಹೋಗಾಣ."

ನನ್ನ ಮಾತು ಮುಗಿಯುವಷ್ಟರಲ್ಲಿ ತಂಗಿ ಕೈ ಬಿಡಿಸಿಕೊಂಡಳು. ಅಪ್ಪ ಅದನ್ನು ನೋಡಲಿಲ್ಲ. ಬೀಡಿ ಹೊಸಕಿ, "ಶಿವನಿಚ್ಛೆ, ನಡೀರಿ," ಎಂದ. ಒಳಗೆ ಆ ಡಾಕ್ಟರಮ್ಮ ಎಷ್ಟು ಹೊತ್ತು ಕಾದರೋ... ಬಸ್ಸಿನಲ್ಲಿ ನಾನು ಬೇರೆ ಸೀಟು ಹಿಡಿದೆ.

ಮದುವೆಯಾಗಿ ಹೊಳಲ್ಕೆರೆಗೆ ಬಂದೆ. ತವರಿಗೆ ಹೋದಾಗಲೆಲ್ಲ ಅವಳು ಅದೇ ಮೂಲೆಯಲ್ಲಿ ಉಣ್ಣೆ ಬಿಡಿಸುತ್ತ ಕುಳಿತಿರುತ್ತಿದ್ದಳು. ಉಳಿದವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆದರೂ ಒಂದು ದಿನವೂ ಮಾತಾಡಿಸಲಿಲ್ಲ. ಮಾತಾಡಿಸಿದರೆ, ಕೇಳಿಸುತ್ತದೆಂದು ನಾನೇ ಒಪ್ಪಿದ ಹಾಗಾಗುತ್ತಿತ್ತು. ಕೊನೆಯ ಕಾಯಿಲೆಯಲ್ಲಿ ಅವಳ ಪಕ್ಕ ಒಂದು ಮಧ್ಯಾಹ್ನವಿಡೀ ಒಬ್ಬಳೇ ಕುಳಿತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಉಸಿರು ನಿಂತ ಮೇಲೆ ಕಾಲು ಹಿಡಿದು, ತಪ್ಪಾಯಿತೆಂದು ಕೂಗಿ ಕೂಗಿ ಅತ್ತೆ. ಆಗ ಕೂಗುವುದು ಸುಲಭವಾಗಿತ್ತು.

ಅಪ್ಪ, ಅವ್ವ ಇಬ್ಬರೂ ಅವಳು ಕಿವುಡಿಯೆಂದೇ ನಂಬಿ ಹೋದರು. ನಿಜ ಗೊತ್ತಿರುವವಳು ಈಗ ನಾನೊಬ್ಬಳೇ ಉಳಿದಿದ್ದೇನೆ. ಇದನ್ನು ಇಲ್ಲಿ ಹೇಳಿಕೊಂಡರೆ ನನ್ನ ಎದೆ ಹಗುರವಾದೀತು ಎಂದುಕೊಂಡಿದ್ದೆ. ಆಗಲಿಲ್ಲ. ಹೇಳಬೇಕಾದದ್ದು ಅವಳಿಗೆ.