ಶಂಕ್ರವ್ವನ ರೊಟ್ಟಿ, ಗೋಡೆಗೇರಿದ ವಿಠ್ಠಲ

ಟಣ್, ಟಣ್. ಒಳಕೋಣೆಯ ಕಬ್ಬಿಣದ ಮಂಚದ ಕಾಲಿಗೆ ಗಾರೆ ಮೆತ್ತುವ ಕರಣಿ ತಾಕಿದ ಸದ್ದು. ಎರಡು ಪೆಟ್ಟೆಂದರೆ ನೀರು ಬೇಕು. ಮೂರೆಂದರೆ ಮಗ್ಗುಲು ಬದಲಿಸಬೇಕು. ಬಿಡದೆ ಬಡಿದರೆ ಏನೂ ಬೇಡ, ಸುಮ್ಮನೆ ಬಂದು ಕೂತು ಹೋಗು ಎಂದರ್ಥ. ಹೊರಗೆ ಒಲೆಯ ಮುಂದೆ ಕೂತ ಶಂಕ್ರವ್ವ ಹಿಟ್ಟಿನ ಅಂಗೈಯಿಂದ ಹಲಗೆಗೆ ಗಟ್ಟಿಯಾಗಿ ತಟ್ಟುತ್ತಿದ್ದಳು. ಕೇಳಿಸಿತು, ಬಂದೆ ಎಂದು. ಹೇರೋಹಳ್ಳಿಯ ಆ ಮನೆಗೆ ಬೆಳಗಾಗುತ್ತಿದ್ದುದು ಈ ಗಂಡಹೆಂಡಿರ ಬಡಿತದಿಂದಲೇ.

ವಿಠ್ಠಲ ಗೌಂಡಿ, ಗೋಡೆ ಕಟ್ಟುವವನು. ಬಾದಾಮಿ ಕಡೆಯಿಂದ ಬಂದವನು. ಮಹಾಲಕ್ಷ್ಮಿ ಲೇಔಟಿನಲ್ಲಿ ಅವನು ಎಬ್ಬಿಸಿದ ಗೋಡೆಗಳ ಹಿಂದೆ ಈಗಲೂ ಜನ ಫ್ಯಾನು ಹಾಕಿಕೊಂಡು ಮಲಗುತ್ತಾರೆ. ಬೊಂಬು, ಹಲಗೆ ಕಟ್ಟಿದ ಸಾರ್ವೆಯ ಮೇಲೆ ನಿಂತು ಕರಣಿಯಿಂದ ಬೊಂಬಿಗೆ ಎರಡು ಸಲ ಬಡಿದನೆಂದರೆ ಕೆಳಗಿದ್ದವರು ಗಾರೆಯ ಬಾಂಡ್ಲಿ ಎತ್ತಿಕೊಡಬೇಕು. ಮೂರು ಸಲ ಬಡಿದರೆ ಇಟ್ಟಿಗೆ. ಒಂದು ಮಧ್ಯಾಹ್ನ ಹಗ್ಗ ಬಿಚ್ಚಿಕೊಂಡಿತು, ಸಾರ್ವೆಯ ಹಲಗೆಯ ಜೊತೆಯಲ್ಲಿ ಅವನೂ ಕೆಳಗೆ ಬಂದ. ಜೀವ ಉಳಿಯಿತು, ಸೊಂಟದಿಂದ ಕೆಳಗಿನದು ಉಳಿಯಲಿಲ್ಲ. ಪಕ್ಕೆಲುಬು ಮುರಿದು ಎದೆಯೊಳಗೆ ಏನೋ ಹರಿದಿತ್ತು, ದನಿ ಪಿಸುಮಾತಿನಷ್ಟಕ್ಕೆ ಇಳಿಯಿತು. ಆಸ್ಪತ್ರೆಯಿಂದ ಬಂದ ದಿನ ಅವನು ಕೈಸನ್ನೆಯಲ್ಲಿ ಕೇಳಿದ್ದು ಕರಣಿಯನ್ನು. ಮಾತಿನ ಬದಲು ಅದು ಅವನ ದಿಂಬಿನ ಪಕ್ಕ ಮಲಗಿತು.

ಶಂಕ್ರವ್ವ ರೊಟ್ಟಿಗೆ ಕೂತದ್ದು ಹಾಗೆ. ಬಿಸಿ ರೊಟ್ಟಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಮಾರೇನಹಳ್ಳಿಯ ರಸ್ತೆ ಬದಿಗೆ ಬುಟ್ಟಿ ಹೊತ್ತು ಹೋಗಿ ಮಾರುವುದು, ಉಳಿದದ್ದನ್ನು ತಂದು ತಾವೇ ತಿನ್ನುವುದು. ಉಳಿಯುವುದೇ ಹೆಚ್ಚಿತ್ತು. ರೊಟ್ಟಿ ಚೆನ್ನಾಗಿತ್ತು ನಿಜ. ಆದರೆ ಚೆನ್ನಾಗಿರುವ ರೊಟ್ಟಿ ಆ ರಸ್ತೆಯ ತುಂಬ ಇತ್ತು.

ಅವಳನ್ನು ರಾಜಾಜಿನಗರದ ಕಲ್ಯಾಣ ಮಂಟಪಕ್ಕೆ ಕರೆದೊಯ್ದವಳು ಗಿರಾಕಿ ಜಗದಾಂಬಾ. "ವ್ಯಾಪಾರ ಬೆಳೆಸೋ ಫ್ರೀ ಕ್ಲಾಸು ಶಂಕ್ರವ್ವ, ಊಟಾನೂ ಇದೆ, ಬಾ" ಎಂದಳು. ಮದುವೆ ಮಂಟಪದಲ್ಲಿ ವಧೂವರರು ಕೂರುವ ಜಾಗದಲ್ಲಿ ಸಂಪತ್ ಎಂಬ ಹುಡುಗ ಕಿವಿಗೆ ಮೈಕು ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಕೆಳಗೆ ಬ್ಯೂಟಿ ಪಾರ್ಲರಿನವರು, ಟೇಲರ್‌ಗಳು, ಉಪ್ಪಿನಕಾಯಿ ಮಾಡುವವರು. "ನಿಮ್ಮ ಅಂಗಡೀಲಿರೋದನ್ನ ಯಾರೂ ಕೊಳ್ಳಲ್ಲ. ನಿಮ್ಮನ್ನ ಕೊಳ್ತಾರೆ! ನಿಮ್ಮ ನೋವು ಎಲ್ಲಿ? ತೋರ್ಸಿ!" ಎಂದು ಅವನು ಕೂಗಿದ. ಆಮೇಲೆ ಎಲ್ಲರನ್ನೂ ಎಬ್ಬಿಸಿ, ಕೈ ಮೇಲೆತ್ತಿಸಿ, "ನಾನು ಗೆಲ್ತೀನಿ" ಅನ್ನಿಸಿದ.

ಶಂಕ್ರವ್ವ ಹುಟ್ಟಿದಾಗಿನಿಂದ ಯಾರೆದುರೂ ಕೂಗಿದವಳಲ್ಲ. ಮೊದಲ ಸಲ ತುಟಿ ಮಾತ್ರ ಅಲುಗಿಸಿದಳು. ಎರಡನೇ ಸಲ ದನಿ ಬಂತು. ಮೂರನೇ ಸಲಕ್ಕೆ ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲಿ ಸುಳ್ಳಿರಲಿಲ್ಲ. ಸಂಪತ್ ಅದನ್ನು ವೇದಿಕೆಯ ಮೇಲಿಂದಲೇ ನೋಡಿಬಿಟ್ಟ.

ಮಾರನೆಯ ದಿನವೇ ಅವನು ಮೊಬೈಲು, ಸ್ಟ್ಯಾಂಡು, ದೀಪ ಹಿಡಿದು ಹೇರೋಹಳ್ಳಿಗೆ ಬಂದ. ಫೀಸು ಬೇಡ ಎಂದ. "ನೀವು ಗೆದ್ರೆ ನಾನು ಗೆದ್ದಂಗೆ ಅಕ್ಕ." ರೊಟ್ಟಿ ಬಡಿಯುವಾಗ ಬಳೆಗಳು ಗಲಗಲ ಎನ್ನುತ್ತಿದ್ದವು. ಆಡಿಯೋ ಹಾಳಾಗುತ್ತದೆ, ತೆಗೆದಿಡಿ ಎಂದ. ತೆಗೆದಿಟ್ಟಳು. ಒಲೆಯ ಕಾವಿಗೆ ಬೆವರಿ ಕುಂಕುಮ ಹರಡಿತ್ತು. ಒರೆಸಿಬಿಡಿ ಎಂದ. ಸೆರಗಿನಿಂದ ಒರೆಸಿದಳು.

"ಈಗ ಹೇಳಿ. ಯಜಮಾನ್ರಿಗೆ ಏನಾಯ್ತು?"

ಅವಳು ಎಲ್ಲವನ್ನೂ ಹೇಳಿದಳು. ಹಗ್ಗ ಬಿಚ್ಚಿದ್ದು, ಸುದ್ದಿ ಕೇಳಿ ಬರಿಗಾಲಲ್ಲಿ ಓಡಿದ್ದು, ಆಸ್ಪತ್ರೆ, ಮಂಚ, ಕರಣಿ. ಆ ವಾರ ಬಂದ ರೀಲಿನಲ್ಲಿ ಇದ್ದದ್ದು ಇಷ್ಟೇ: ಬೋಳು ಕೈಗಳು ರೊಟ್ಟಿ ಬಡಿಯುತ್ತವೆ. ಬೋಳು ಹಣೆಯ ಹೆಂಗಸೊಬ್ಬಳು, "ಮ್ಯಾಲಿಂದ ಬಿದ್ರು. ನಾ ಓಡಿ ಹೋಗೂದ್ರಾಗ..." ಎಂದು ನಿಲ್ಲಿಸುತ್ತಾಳೆ. ಹಿನ್ನೆಲೆಯಲ್ಲಿ ಕೊಳಲು. ಕೆಳಗೆ ಬರಹ: ಅಂದಿನಿಂದ ಈ ಕೈ ನಿಂತಿಲ್ಲ.

ರೀಲು ಸುಳ್ಳು ಹೇಳಿರಲಿಲ್ಲ, ಮಾತು ಮುಗಿಯಲು ಬಿಟ್ಟಿರಲಿಲ್ಲ ಅಷ್ಟೇ. ಉಳಿದದ್ದನ್ನು ನೋಡಿದವರು ಮುಗಿಸಿಕೊಂಡರು. ಓಂ ಶಾಂತಿ. ಅಣ್ಣನ ಆತ್ಮಕ್ಕೆ ಚಿರಶಾಂತಿ ಸಿಗಲಿ. ನಿಮ್ಮ ಜೊತೆ ನಾವಿದ್ದೇವೆ ತಾಯಿ.

ಮೊದಲ ದಿನ ಶಂಕ್ರವ್ವ ಹೌಹಾರಿದಳು. ಎರಡನೆಯ ದಿನ ಓಣಿಯಲ್ಲಿ ಡೆಲಿವರಿ ಹುಡುಗರ ಬೈಕುಗಳು ಸಾಲುಗಟ್ಟಿದವು. ಬಸವೇಶ್ವರನಗರದಿಂದ, ವಿಜಯನಗರದಿಂದ ಕಾರುಗಳು ಬಂದವು. ಬುಟ್ಟಿ ಹೊರುವ ಕೆಲಸವೇ ನಿಂತಿತು. ಆ ವಾರ ವಿಠ್ಠಲನಿಗೆ ಬೆನ್ನು ಹುಣ್ಣಾಗದ ಗಾಳಿಹಾಸಿಗೆ ಬಂತು. ಎಷ್ಟೋ ದಿನಗಳಿಂದ ಡಾಕ್ಟರು ಹೇಳುತ್ತಲೇ ಇದ್ದದ್ದು.

ಅವಳು ಕಾಮೆಂಟುಗಳನ್ನು ಅವನಿಗೆ ಓದಿ ಹೇಳಿದಳು. ವಿಠ್ಠಲ ಎದೆ ಹಿಡಿದುಕೊಂಡು ನಕ್ಕ.

"ಬದುಕಿದ್ದಾಗ ಒಬ್ಬರ ಬಾಯಾಗೂ ನಾ ಒಳ್ಳ್ಯಾಂವ ಅಂತ ಬರ್ಲಿಲ್ಲ ನೋಡ, ಶಂಕ್ರಿ. ಸತ್ತಕೂಡ್ಲೆ ದೇವರಾದೆ."

"ಬಿಡ್ತು ಅನ್ರಿ."

"ನೀ ಬಿಡಬ್ಯಾಡ. ಹಾಸಿಗಿ ಭಾಳ ಮೆತ್ತಗೈತಿ."

ಅವನ ಆ ನಗುವನ್ನೇ ಅವಳು ಒಪ್ಪಿಗೆ ಎಂದುಕೊಂಡಳು. ಆಮೇಲಿನದೆಲ್ಲ ಸಲೀಸಾಯಿತು. ಸಂಪತ್ ಅವರ ಮದುವೆ ಫೋಟೊದಿಂದ ವಿಠ್ಠಲನನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿಸಿ, ಗಂಧದ ಹಾರ ಹಾಕಿ ಒಲೆಯ ಪಕ್ಕದ ಗೋಡೆಗೆ ತೂಗುಹಾಕಿದ. ಒಳಕೋಣೆಯ ಬಾಗಿಲನ್ನು ಪೂರ್ತಿ ಮುಚ್ಚುವಂತೆ ಒಂದು ಫ್ಲೆಕ್ಸು ಇಳಿಬಿಟ್ಟ. ಅದರಲ್ಲಿ ಶಂಕ್ರವ್ವ ಕೈಮುಗಿದು ನಿಂತಿದ್ದಳು, ಪಕ್ಕದಲ್ಲಿ ದಪ್ಪಕ್ಷರದಲ್ಲಿ "ನನ್ನ ನೋವೇ ನನ್ನ ಬಲ". ಗಂಡನಿಗೆ ನೀರು ಕೊಡಬೇಕಾದರೆ ಅವಳು ತನ್ನನ್ನೇ ಸರಿಸಿಕೊಂಡು ಒಳಗೆ ಹೋಗಬೇಕಿತ್ತು.

ಉಳಿದದ್ದು ಆ ಸದ್ದು. ಒಂದು ದಿನ ಗಿರಾಕಿಗಳ ನಡುವೆ ಟಣ್, ಟಣ್ ಎಂದಿತು. "ಒಳಗ್ಯಾರು?" ಎಂದಳು ಜಗದಾಂಬಾ. ವಿಠ್ಠಲನನ್ನು ಅವಳು ಯಾವತ್ತೂ ಕಂಡವಳಲ್ಲ, ಅವಳಿಗೂ ರೀಲೇ ಸತ್ಯ. "ಬೆಕ್ಕ್ರೀ" ಎಂದಳು ಶಂಕ್ರವ್ವ. ಬಾಯಿಂದ ಅದು ಎಷ್ಟು ಸುಲಭವಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು. ಆ ಮಧ್ಯಾಹ್ನ ಅವನು ನಿದ್ದೆಯಲ್ಲಿದ್ದಾಗ ದಿಂಬಿನ ಪಕ್ಕದಿಂದ ಕರಣಿ ತೆಗೆದು ಹಿಟ್ಟಿನ ಡಬ್ಬಿಯ ತಳದಲ್ಲಿ ಹೂತಿಟ್ಟಳು.

ಎದ್ದವನು ಕೈಯಾಡಿಸಿ ಹುಡುಕಿದ. ಅವಳ ಮುಖ ನೋಡಿದ.

ದಸರಾ ಹತ್ತಿರವಾಗಿತ್ತು. ಆರ್ಡರುಗಳಿಗೆ ಲೆಕ್ಕವಿರಲಿಲ್ಲ. ಸಂಪತ್ ಹೊಸ ರೀಲಿಗೆ ಮೊಬೈಲು ನಿಲ್ಲಿಸುತ್ತಿದ್ದ ಹೊತ್ತಿನಲ್ಲಿ ಬಾಗಿಲಲ್ಲಿ ಒಬ್ಬ ಕಪ್ಪನೆಯ, ಸಣಕಲು ಮನುಷ್ಯ ಬಂದು ನಿಂತ. ಕೈಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು. ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲ ಮೇಲೆ ಕಾಲು ತೀಡುತ್ತಿದ್ದ.

"ವೈನಿ, ಗುರ್ತು ಸಿಕ್ತೇನ್ರಿ? ನಾ ಈರಪ್ಪ."

ಗುರುತು ಸಿಕ್ಕಿತು. ವಿಠ್ಠಲನನ್ನು ಅಣ್ಣನೆಂದೂ ಅವಳನ್ನು ಅತ್ತಿಗೆಯೆಂದೂ ಕರೆಯುತ್ತ, ಅವನಿಗೆ ಸಾರ್ವೆ ಕಟ್ಟಿ ಬಾಂಡ್ಲಿ ಎತ್ತಿಕೊಡುತ್ತಿದ್ದ ಈರಪ್ಪ. ವಿಠ್ಠಲ ಬಿದ್ದ ಸಂಜೆಯೇ ಹೆದರಿ ಗೋವಾಕ್ಕೆ ಓಡಿಹೋದವನು. ಉಳಿದನೋ ಹೋದನೋ ಎಂದು ಕೇಳಲೂ ಧೈರ್ಯ ಸಾಲದೆ ವರ್ಷಗಳನ್ನು ಅಲ್ಲೇ ಕಳೆದು, ಈಗ ಕೆಂಗೇರಿಯ ಸೈಟೊಂದಕ್ಕೆ ಬಂದಿದ್ದ. ಯಾರೋ ಹುಡುಗ ಊಟದ ಹೊತ್ತಿನಲ್ಲಿ ರೀಲು ತೋರಿಸಿದ್ದನಂತೆ.

ಸಂಪತ್ ಕಣ್ಣು ಮಿಟುಕಿಸುವುದರೊಳಗೆ ಮೊಬೈಲನ್ನು ಈರಪ್ಪನ ಕಡೆ ತಿರುಗಿಸಿದ.

"ಹಗ್ಗ ಹಳೇದಿತ್ರಿ ವೈನಿ. ನನಗ ಗೊತ್ತಿತ್ತು. ಮೇಸ್ತ್ರಿನ ಹೊಸಾದು ಕೇಳಬೇಕಿತ್ತು, ಬೈತಾನಂತ ಕೇಳ್ಲಿಲ್ಲ. ಗಂಟು ಹಾಕಿದಾಂವ ನಾನು." ಅವನು ಗೋಡೆಯ ಫೋಟೊದ ಕೆಳಗೆ ಮಂಡಿಯೂರಿದ. "ಅಣ್ಣ ಕೂಗಿದ್ದು ಇನ್ನೂ ಕಿವ್ಯಾಗೈತಿ. ಉಣ್ಣಾಕ ಕುಂತ್ರ ಅದ, ಮಕ್ಕೊಂಡ್ರ ಅದ. ನಾನ ಕೊಂದೇನ್ರೀ ವೈನಿ ನಿಮ್ಮ ಮನಿಯವ್ರನ್ನ."

ಶಂಕ್ರವ್ವನ ಬಾಯಿ ತೆರೆಯಿತು. ಒಂದೇ ಮಾತು ಸಾಕಿತ್ತು. ಫ್ಲೆಕ್ಸನ್ನು ಒಂದಿಷ್ಟು ಸರಿಸಿದರೂ ಸಾಕಿತ್ತು.

ಆಗ ಒಳಗಿನಿಂದ ಸದ್ದು ಬಂತು. ಧಪ್, ಧಪ್. ಕರಣಿಯಿಲ್ಲದ ಕೈ ಬೆರಳ ಗೆಣ್ಣುಗಳಿಂದ ಗೋಡೆಗೆ ಬಡಿಯುತ್ತಿತ್ತು. ಎರಡು ಸಲ. ಬಾಂಡ್ಲಿ ಎತ್ತಿಕೊಡು. ಆಗೆಲ್ಲ ಸಾರ್ವೆಯ ಕೆಳಗೆ ನಿಂತು ಆ ಪೆಟ್ಟಿಗೆ ಕೈ ನೀಡುತ್ತಿದ್ದವನು ಹೊರಗೇ ಕೂತಿದ್ದ. ಕಬ್ಬಿಣದ ಸದ್ದಾಗಿದ್ದರೆ ಮುಖ ಎತ್ತುತ್ತಿದ್ದನೇನೋ. ಮಾಂಸದ ಸದ್ದು ಮಂದವಾಗಿತ್ತು. ಅವನು ತನ್ನ ಅಳುವಿನಲ್ಲಿದ್ದ.

ಸಂಪತ್ ಗಾಬರಿಯಿಂದ ಅವಳನ್ನು ನೋಡಿದ.

ಶಂಕ್ರವ್ವ ಹಿಟ್ಟಿನ ಉಂಡೆ ಎತ್ತಿ ಹಲಗೆಗೆ ಒಗೆದು ರೊಟ್ಟಿ ಬಡಿಯತೊಡಗಿದಳು. ಜೋರಾಗಿ, ಇನ್ನೂ ಜೋರಾಗಿ. ಒಳಗಿನ ಧಪ್ ಧಪ್ ತನ್ನ ಅಂಗೈಯ ಕೆಳಗೆ ಮುಳುಗಿ ಹೋಗುವವರೆಗೆ ಬಡಿದಳು. ಬೋಳು ಕೈಗಳು ಚೆನ್ನಾಗಿ ಕೆಲಸ ಮಾಡಿದವು.

"ಕ್ಷಮಿಸಿದೀನಿ ಅನ್ನಿ ಅಕ್ಕ," ಸಂಪತ್ ಪಿಸುಗುಟ್ಟಿದ.

"ಕ್ಷಮಾ ಮಾಡೇನಪಾ ತಮ್ಮಾ. ನಡಿ, ಮನಿಗೆ ಹೋಗು."

ಈರಪ್ಪ ಹಾರದ ಫೋಟೊಗೆ ಹಣೆ ಒತ್ತಿ, ತೆಂಗಿನಕಾಯಿ ಇಟ್ಟು, ಹಿಂದಕ್ಕೆ ನಡೆಯುತ್ತಲೇ ಹೊರಗೆ ಹೋದ. ಆ ರೊಟ್ಟಿ ತೆಳ್ಳಗಾಗಿ ನಡುವೆ ಹರಿದಿತ್ತು.

ಒಳಗೆ ಹೋದಾಗ ವಿಠ್ಠಲನ ಗೆಣ್ಣುಗಳ ಚರ್ಮ ಸುಲಿದು ಗೋಡೆಗೆ ರಕ್ತ ತಾಕಿತ್ತು. ಅರಿಸಿನ ಹಚ್ಚಲು ಕೈ ಹಿಡಿದಳು. ಅವನು ಕೈ ಎಳೆದುಕೊಂಡ.

"ಕರದು ಹೇಳು ಅಂವಗ." ಪಿಸುದನಿ.

"ಹೇಳೂಣಂತ್ರಿ. ದಸರಾ ಆರ್ಡರ್ ಒಂದ್ ಮುಗೀಲಿ."

"ಶಂಕ್ರಿ, ಅಂವ ಜೀವಂತ ಸಾಯಾಕತ್ತಾನ."

"ಮುಗೀಲಿ ಅಂದ್ನೆಲ್ಲಾ. ಈ ಹಾಸಿಗಿ ಎಲ್ಲಿಂದ ಬಂತು ಗೊತ್ತೈತಿಲ್ಲೋ ನಿಮಗ?"

ಅಂದ ಮಾತು ಆಕೆಗೇ ಚುಚ್ಚಿತು. ವಿಠ್ಠಲ ಮುಖವನ್ನು ಗೋಡೆಯ ಕಡೆ ಹೊರಳಿಸಿದ. ಅವಳು ಹೊರಗೆ ಓಡಿ, ಡಬ್ಬಿಯ ತಳದಿಂದ ಕರಣಿ ತೆಗೆದು, ಹಿಟ್ಟು ಒರೆಸಿ ಅವನ ಕೈಯಲ್ಲಿಟ್ಟಳು. ಬೆರಳು ಮಡಚಿಕೊಳ್ಳಲಿಲ್ಲ. ಕರಣಿ ಜಾರಿ ಗಾಳಿಹಾಸಿಗೆಯ ಮೇಲೆ ಸದ್ದಿಲ್ಲದೆ ಬಿತ್ತು.

ಅಂದಿನಿಂದ ಅವನು ಬಡಿಯಲಿಲ್ಲ. ಮಾತೂ ಆಡಲಿಲ್ಲ. ಬಾಯಾರಿತೋ, ಮಗ್ಗುಲು ಉರಿಯಿತೋ ಅವಳಿಗೆ ತಿಳಿಯುತ್ತಿರಲಿಲ್ಲ. ಊಹಿಸಿ ಹೋದಾಗ ತುಟಿ ಒಣಗಿ ಬಿರಿದಿರುತ್ತಿತ್ತು, ಇಲ್ಲವೇ ಹಾಸಿಗೆ ಒದ್ದೆಯಾಗಿರುತ್ತಿತ್ತು. ಹೊರಗೆ ಒಲೆಯ ಮುಂದೆ ಕೂತು ಕೆಲವೊಮ್ಮೆ ತಾನೇ ಹಲಗೆಗೆ ಎರಡು ಸಲ ಗಟ್ಟಿಯಾಗಿ ತಟ್ಟುತ್ತಿದ್ದಳು. ಹತ್ತಿರದ ಗಿರಾಕಿಗಳು, "ಪಾಪ, ಎಷ್ಟು ಶ್ರದ್ಧೆ" ಎನ್ನುತ್ತಿದ್ದರು.

ಆಯುಧಪೂಜೆಯ ಹಿಂದಿನ ದಿನ ಸಂಪತ್ ಸಿಹಿ ಡಬ್ಬಿ ಹಿಡಿದು ಬಂದ. ಅಂದು ಲೈವ್ ಇತ್ತು. ದೀಪ ಹೊಂದಿಸುತ್ತ ಉಬ್ಬಿಹೋಗಿದ್ದ.

"ಅಕ್ಕ, ಈರಪ್ಪನ ರೀಲು ನಮ್ಮ ಎಲ್ಲಾ ರೀಲುಗಳನ್ನೂ ಹಿಂದಾಕ್ತು. ಕಾಮೆಂಟ್ ನೋಡ್ಬೇಕು ನೀವು. ಕೊಲೆಗಾರ ಅಂತಾರೆ, ಇವ್ನನ್ನೇ ಮೇಲಿಂದ ತಳ್ರೋ ಅಂತಾರೆ. ಜನ ಬೈದಷ್ಟೂ ನಮ್ಗೆ ರೀಚು."

ಶಂಕ್ರವ್ವ ಹಂಚಿಗೆ ರೊಟ್ಟಿ ಹಾಕಿ ನೀರು ಸವರಿದಳು.

"ನೆನ್ನೆ ಫೋನ್ ಮಾಡಿದ್ದ, ಡಿಲೀಟ್ ಮಾಡಿ ಸಾರ್ ಅಂತ ಒಂದೇ ಅಳು. ಅವ್ನು ಕಟ್ಟಿದ ಸಾರ್ವೆ ಮೇಲೆ ಯಾರೂ ಹತ್ತಲ್ಲ ಅಂದ್ರಂತೆ, ಮೇಸ್ತ್ರಿ ಕೆಲಸದಿಂದ ತೆಗೆದ್ನಂತೆ. ಯಾವನೋ ಕಲ್ಲಲ್ಲೂ ಹೊಡೆದನಂತೆ. ನಾನೇನ್ ಮಾಡ್ಲಿ ಗುರು, ಪಾಸಿಟಿವ್ ಆಗಿರು ಅಂದೆ." ಅವನು ನಕ್ಕ. "ಬ್ಲಾಕ್ ಮಾಡಿದೀನಿ ಬಿಡಿ."

"ನಂಬರ್ ಕೊಡ್ರಿ."

"ಯಾಕೆ?"

"ಕೊಡ್ರಿ."

ಸಂಪತ್ ದೀಪ ಬಿಟ್ಟು ಅವಳೆದುರು ಕುಕ್ಕರಗಾಲಲ್ಲಿ ಕೂತ. ದನಿ ಮೆತ್ತಗಾಯಿತು. "ಅಕ್ಕ, ಅವ್ನಿಗೆ ಹೇಳಿದ್ರೆ ಊರಿಗೆಲ್ಲ ಹೇಳಿದಂಗೆ. ನಾಳೆ ಆ ಕಲ್ಲು ಇಲ್ಲಿಗೆ ಬೀಳುತ್ತೆ. ಗಂಡ ಬದುಕಿದ್ದಾಗ್ಲೇ ಬಳೆ ಬಿಚ್ಚಿದೋಳು ಅಂತಾರೆ. ಒಂದು ರೊಟ್ಟಿ ಹೋಗಲ್ಲ ಆಮೇಲೆ. ಒಳಗಿರೋರಿಗೆ ಗಂಜಿ ಯಾರ್ ಹಾಕ್ತಾರೆ?"

ಅವನು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಶಂಕ್ರವ್ವ ಒಳಕೋಣೆಯ ಕಡೆ ಕಿವಿಯಿಟ್ಟಳು. ಬಾಗಿಲ ಫ್ಲೆಕ್ಸಿನಲ್ಲಿ ಅವಳೇ ಕೈಮುಗಿದು ನಿಂತಿದ್ದಳು. ಅದರ ಹಿಂದಿನಿಂದ ಒಂದು ಸದ್ದೂ ಬರಲಿಲ್ಲ.

"ಕೆಂಗೇರಿ ಯಾವ ಸೈಟ್ ಅದು?"

"ಅಲ್ಲೀಗಿಲ್ಲ ಅಕ್ಕ ಅವ್ನು. ಎಲ್ಲಿ ಹೋದ್ನೋ ಯಾರ್ಗೂ ಗೊತ್ತಿಲ್ಲ. ಬಿಟ್ಟಾಕಿ. ಈಗ ಕೇಳಿ, ಲೈವಲ್ಲಿ ಮೊದ್ಲು ನೀವು ಫೋಟೊ ಕಡೆ ತಿರುಗಿ ಒಂದು ನಿಮಿಷ ಸುಮ್ನೆ..."

ಶಂಕ್ರವ್ವ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದಳು. ಹಂಚಿನ ಮೇಲೆ ರೊಟ್ಟಿ ಉಬ್ಬಿ, ಅಂಚು ಕಪ್ಪಾಗತೊಡಗಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡಳು.

"ಆಮೇಲೆ ಸೆರಗಲ್ಲಿ ಕಣ್ಣೊರೆಸ್ಕೊಂಡು, ನಿಧಾನಕ್ಕೆ... ಅಕ್ಕ? ಎಲ್ಲಿಗೆ? ಜನ ಕಾಯ್ತಾ ಇದಾರೆ ಅಕ್ಕ, ಐದೇ ನಿಮಿಷ ಇರೋದು. ಅಕ್ಕಾ, ನಾನ್ ಹೇಳೋದು ಸ್ವಲ್ಪ ಕೇಳಿಸ್ಕೊಳ್ಳಿ, ನೀವೇನಾದ್ರೂ ಈಗ ಹೊರಗ್ ಹೋದ್ರೆ..."

ಅವಳು ಕೆಂಗೇರಿಯ ದಾರಿ ಹಿಡಿದು ಓಣಿಯ ತಿರುವು ದಾಟಿಯಾಗಿತ್ತು.