ಟ್ರಾಮ್ ಮೌಟೆಯ ಗಡ್ಡದ ಮರಿ

ರೋಸ್ವಿಟಾ ಮೌಟೆ ಮೂವತ್ತನಾಲ್ಕು ವರ್ಷ ಸ್ಟುಟ್‌ಗಾರ್ಟಿನಲ್ಲಿ ಟ್ರಾಮ್ ಓಡಿಸಿದವರು. ನಮ್ಮ ಬೀದಿಯಲ್ಲಿ ಅವರ ಪೂರ್ತಿ ಹೆಸರು ಹೇಳಿದರೆ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ, ಟ್ರಾಮ್ ಮೌಟೆ ಅಂದರೆ ಬೇಕರಿಯವಳೂ ಮನೆ ತೋರಿಸುತ್ತಾಳೆ. ಒಮ್ಮೆ ಮದುವೆಗೆ ಹೊರಟ ಮದುಮಗನೊಬ್ಬ ಹಳಿಯ ಮೇಲೆ ಕಾರು ನಿಲ್ಲಿಸಿ ಹೂ ಕೊಳ್ಳಲು ಹೋಗಿದ್ದನಂತೆ. ಈಕೆ ಗಂಟೆ ಬಾರಿಸಲಿಲ್ಲ, ಪೊಲೀಸರನ್ನು ಕರೆಯಲಿಲ್ಲ. ಟ್ರಾಮಿನಲ್ಲಿದ್ದ ಗಟ್ಟಿಮುಟ್ಟಾದ ಎಂಟು ಜನರನ್ನು ಬೆರಳು ಮಾಡಿ ಆರಿಸಿ, "ನೀವು, ನೀವು, ಆ ಟೋಪಿಯವರು, ಇಳೀರಿ" ಎಂದು ಕಾರನ್ನು ಎತ್ತಿಸಿ ಪಕ್ಕಕ್ಕೆ ಇಡಿಸಿದರಂತೆ. ನಾನು ಕಣ್ಣಾರೆ ಕಂಡಿಲ್ಲ, ಆದರೆ ನಂಬುತ್ತೇನೆ. ನಾನು ಆ ಟ್ರಾಮಿನಲ್ಲಿದ್ದಿದ್ದರೆ ಬಾಯಿ ಮುಚ್ಚಿಕೊಂಡು ಇಳಿದು ಎತ್ತುತ್ತಿದ್ದೆ.

ನಾನು ಗಿಸ್ಬರ್ಟ್ ಬಿಟ್ಸರ್. ಐವತ್ತಾರು ವರ್ಷ. ಲಿಫ್ಟ್ ರಿಪೇರಿ ಕೆಲಸ. ನಮ್ಮ ಕಟ್ಟಡದ ಕೆಳಮನೆಯಲ್ಲಿ ನಾನು, ಮೂರನೇ ಮಹಡಿಯಲ್ಲಿ ಫ್ರೌ ಮೌಟೆ; ಹೆಂಗಸರಿಗೆ ಫ್ರೌ, ಗಂಡಸರಿಗೆ ಹೆರ್ ಎನ್ನುವುದು ನಮ್ಮಲ್ಲಿ ಮರ್ಯಾದೆ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಅದರ ಬಗ್ಗೆ ಆಡಬೇಕಾದ ಕುಹಕವನ್ನೆಲ್ಲ ಜನ ಆಡಿ ಮುಗಿಸಿದ್ದಾರೆ, ಹೊಸದಾಗಿ ಯಾರೂ ಕಷ್ಟಪಡಬೇಕಾಗಿಲ್ಲ.

ಎಪ್ಪತ್ತೊಂದು ತುಂಬಿದ ವಾರ ಫ್ರೌ ಮೌಟೆ ತಮಗೊಂದು ನಾಯಿಮರಿ ಬೇಕೆಂದು ತೀರ್ಮಾನಿಸಿದರು. ಸಿಕ್ಕ ನಾಯಿಯಲ್ಲ, ಕುಳ್ಳ ಶ್ನೌಜರ್; ಮೆಣಸು ಉಪ್ಪು ಬೆರೆಸಿದಂಥ ಬೂದು ಬಣ್ಣ, ದಪ್ಪ ಹುಬ್ಬು, ಎಳವೆಯಲ್ಲೇ ಗಡ್ಡ. ಅವರ ಅಜ್ಜ ಬಿಯರ್ ಗಾಡಿಯ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದರು. ಲಾಯದಲ್ಲಿ ಇಲಿ ಹಿಡಿಯಲು ಈ ಜಾತಿಯ ನಾಯಿಗಳೇ ಇದ್ದವು, ಈಕೆ ಎದ್ದು ನಡೆಯಲು ಕಲಿತದ್ದೇ ಅವುಗಳ ಗಡ್ಡ ಹಿಡಿದುಕೊಂಡು. ಆಲ್ಬ್ ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ ನಲವತ್ತು ವರ್ಷದಿಂದ ಶ್ನೌಜರ್ ಸಾಕಿ ಮರಿ ಮಾಡಿಸುವ ಫ್ರೌ ವಿಡ್ಮನ್ ಎಂಬಾಕೆ ಇದ್ದಾರೆ. ಅವರ ಪಟ್ಟಿಯಲ್ಲಿ ಹೆಸರು ಬರೆಸಿ ಒಂದು ವರ್ಷ ಕಾದ ಮೇಲೆ, ಆರು ಮರಿ ಹುಟ್ಟಿವೆ ಎಂದು ಕಾಗದ ಬಂತು. ರೈಲು ಹಿಡಿದು, ಬಸ್ಸು ಹಿಡಿದು, ಫ್ರೌ ಮೌಟೆ ನಾಲ್ಕನೇ ವಾರಕ್ಕೇ ಹೋಗಿ ನೋಡಿ ಬಂದರು. ಒಂದು ಸೂಲಿನ ಮರಿಗಳಿಗೆಲ್ಲ ಒಂದೇ ಅಕ್ಷರದಿಂದ ಹೆಸರಿಡುವುದು ಸಾಕುವವರ ಪದ್ಧತಿ. ಆ ಸಲದ ಸೂಲಿಗೆ 'ಕ' ಅಕ್ಷರ, ಹಾಗಾಗಿ ಅವರು ಮೆಚ್ಚಿದ ಹೆಣ್ಣುಮರಿಗೆ ದಾಖಲೆಯಲ್ಲಿ ಕುನಿಗುಂಡೆ ಎಂದು ಹೆಸರು. ಇವರು ಅಲ್ಲೇ ಅದನ್ನು ಕುನಿ ಎಂದು ಕರೆದು ಬಂದಿದ್ದರು.

ಆದರೆ ನಮ್ಮದು ವಸತಿ ಸಂಘದ ಕಟ್ಟಡ. ನಾಯಿ ಸಾಕಲು ಆರೂ ಮನೆಯವರ ಸಹಿ ಬೇಕು. ಆ ಒಪ್ಪಿಗೆ ಪತ್ರ ನೋಡದೆ ಫ್ರೌ ವಿಡ್ಮನ್ ಮರಿ ಕೊಡುವವರಲ್ಲ. ತಮ್ಮ ಸಹಿ ಹಾಕಿ, ಮಿಕ್ಕ ನಾಲ್ಕು ಮನೆಯವರ ಸಹಿಯನ್ನು ಒಂದೇ ಸಂಜೆಯಲ್ಲಿ ತೆಗೆದುಕೊಂಡು ಫ್ರೌ ಮೌಟೆ ನನ್ನ ಬಾಗಿಲಿಗೆ ಬಂದರು.

"ಇಲ್ಲಿ ಹಾಕ್ರಿ, ಹೆರ್ ಬಿಟ್ಸರ್. ಕೊನೇ ಗೆರೆ ನಿಮ್ಮದು."

"ಹಾಕಲ್ಲ," ಎಂದೆ.

"ಪೆನ್ ಇಲ್ವಾ?"

"ಪೆನ್ ಇದೆ. ಮನಸ್ಸಿಲ್ಲ. ಮೆಟ್ಟಿಲ ಮೇಲೆಲ್ಲ ಕೂದಲು ಬೀಳುತ್ತೆ. ಗುಡಿಸೋದು ಯಾರು?"

ಇದು ಸಣ್ಣ ಮಾತಲ್ಲ. ನಮ್ಮ ಸೀಮೆಯಲ್ಲಿ ಗುಡಿಸುವ ವಾರ ಎಂದರೆ ತಮಾಷೆಯಲ್ಲ. ಒಂದೊಂದು ವಾರ ಒಂದೊಂದು ಮನೆಯ ಬಾಗಿಲಿಗೆ ಮರದ ಹಲಗೆ ತೂಗುತ್ತದೆ. ಹಲಗೆ ಬಂದವರು ಮೇಲಿಂದ ಕೆಳಗಿನವರೆಗೆ ಮೆಟ್ಟಿಲು ಗುಡಿಸಿ ಒರೆಸಿ, ಮುಂದಿನ ರಸ್ತೆಯಂಚನ್ನೂ ಗುಡಿಸಬೇಕು. ಸರಿಯಾಗಿ ಗುಡಿಸದವನ ಹೆಸರು ಸತ್ತ ಮೇಲೂ ಉಳಿಯುತ್ತದೆ. ನನ್ನ ವಾರದಲ್ಲಿ ಮೆಟ್ಟಿಲ ಮೂಲೆಗೆ ನಾನು ಹಲ್ಲುಜ್ಜುವ ಬ್ರಷ್ ಹಾಕುತ್ತೇನೆ. ಅಂಥ ಮೆಟ್ಟಿಲ ಮೇಲೆ ನಾಯಿ ಕೂದಲು!

ಹೀಗೆ ಶುರುವಾದ ಜಗಳ ಒಂದು ತಿಂಗಳು ನಡೆಯಿತು. ಕೆಲಸ ಮುಗಿಸಿ ಬಂದವನು ಹೊಸದೊಂದು ತಕರಾರು ಹೊಳೆದ ಕೂಡಲೇ ಮೂರು ಮಹಡಿ ಹತ್ತಿ ಅವರ ಬಾಗಿಲು ತಟ್ಟುತ್ತಿದ್ದೆ. ಒಂದು ದಿನ ಬೊಗಳುವ ವಿಷಯ, ಇನ್ನೊಂದು ದಿನ ಮಳೆಗಾಲದ ಕೆಸರುಗಾಲಿನ ವಿಷಯ, ಮತ್ತೊಂದು ದಿನ ವಾಸನೆ. ತಿರುಗಿ ತಿರುಗಿ ಕೂದಲಿಗೇ ಬರುತ್ತಿದ್ದೆ. ಅವರು ಬಾಗಿಲು ತೆಗೆದು, "ಬನ್ನಿ, ಕೂತ್ಕೊಂಡೇ ಜಗಳ ಆಡೋಣ, ನನ್ ಮಂಡಿ ನೋಯುತ್ತೆ" ಎನ್ನುತ್ತಿದ್ದರು. ಎದುರಿಗೆ ಬೇಳೆ ಸಾರು ಇಡುತ್ತಿದ್ದರು. ಎರಡು ತಟ್ಟೆ ತಿಂದು, ಸಹಿ ಹಾಕದೆ ಇಳಿದು ಬರುತ್ತಿದ್ದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಕೊನೆಗೆ ಅವರನ್ನು ಸೋಲಿಸಿಬಿಡೋಣ ಎಂದು ಒಂದು ಷರತ್ತು ಹಾಕಿದೆ. "ಆ ನಾಯಿ ಇರೋವರೆಗೂ ನನ್ನ ಗುಡಿಸೋ ವಾರ ನೀವೇ ಮಾಡ್ಬೇಕು. ಒಪ್ಪಿದ್ರೆ ಸಹಿ."

ಫ್ರೌ ಮೌಟೆ ರೆಪ್ಪೆ ಮಿಟುಕಿಸಲಿಲ್ಲ. "ಈ ಜಾತಿ ಹದಿನೈದು ವರ್ಷ ಬಾಳುತ್ತೆ. ಆಗ ನನಗೆ ಎಂಬತ್ತೇಳು. ಅಲ್ಲೀವರೆಗೆ ನಾನು ಗುಡಿಸ್ತೀನಿ, ಆಮೇಲೆ ನೀವು ನೋಡ್ಕೊಳ್ಳಿ. ಎಲ್ಲಿ, ಆ ಪೆನ್ ತನ್ನಿ."

ಆಡಿದ ಮಾತು ತಿನ್ನುವ ಹಾಗಿರಲಿಲ್ಲ, ಸಹಿ ಹಾಕಿದೆ.

ಮುಂದಿನ ಶನಿವಾರವೇ ನನ್ನ ವಾರ ಬಂತು. ಮರಿ ಇನ್ನೂ ಬಂದಿರಲಿಲ್ಲ. ಆದರೂ ಅವರು ನನ್ನ ಬಾಗಿಲ ಹಲಗೆಯನ್ನು ತೆಗೆದು ತಮ್ಮ ಬಾಗಿಲಿಗೆ ತೂಗುಹಾಕಿಕೊಂಡು, ಬಕೀಟು ಹಿಡಿದು ಇಳಿದರು. ಅವರು ಹೋದ ಮೇಲೆ ತಪ್ಪು ಹುಡುಕೋಣ ಎಂದು ಬೆರಳಲ್ಲಿ ಮೂಲೆಗಳನ್ನು ಸವರಿ ನೋಡಿದೆ. ಒಂದು ಚೂರು ಧೂಳು ಸಿಗಲಿಲ್ಲ. ಅಷ್ಟರಲ್ಲಿ ಎರಡನೇ ಮಹಡಿಯ ಸೆವಿಲಾಯ್ ತರಕಾರಿ ಚೀಲ ಹಿಡಿದು ಹತ್ತಿ ಬಂದಳು. ನಾಲಿಗೆ ಹರಿತ ಇರುವ ಹೆಂಗಸು.

"ಏನ್ ಹುಡುಕ್ತಿದ್ದೀರಾ ಹೆರ್ ಬಿಟ್ಸರ್, ಮಾನಾನಾ?" ಎಂದಳು. "ಎಪ್ಪತ್ತೆರಡು ವರ್ಷದವರ ಕೈಲಿ ಮೆಟ್ಟಿಲು ಒರೆಸ್ಕೋತೀರಲ್ಲ, ರಾತ್ರಿ ನಿದ್ದೆ ಬರುತ್ತಾ?"

ಬೇಕರಿಯವಳೂ ಅದನ್ನೇ ಕೇಳಿದಳು. ಅಂಚೆಯವನೂ ಕೇಳಿದ. ಮೂಗು ಹಿಡಿದರೆ ಬಾಯಿ ಬಿಡಲೇಬೇಕಲ್ಲ, ಆ ಭಾನುವಾರ ಮರಿ ತರುವ ದಿನ ನಾನೇ ಹೋಗಿ, "ರೈಲು ಬಸ್ಸು ಅಂತ ಯಾಕೆ ಒದ್ದಾಡ್ತೀರಿ, ಕಾರಲ್ಲಿ ಕರ್ಕೊಂಡ್ ಹೋಗ್ತೀನಿ" ಎಂದೆ.

"ನೀವು ಬರ್ತೀರಿ ಅಂತ ಗೊತ್ತಿತ್ತು," ಎಂದರು. ಆಗ ಆ ಮಾತನ್ನು ನಾನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಫ್ರೌ ವಿಡ್ಮನ್ ಅವರದು ಹಳೆಯ ದನದ ಕೊಟ್ಟಿಗೆಯನ್ನೇ ಬದಲಾಯಿಸಿ ಕಟ್ಟಿಸಿಕೊಂಡ ಮನೆ. ಅಡುಗೆಮನೆಯ ಮೂಲೆಯಲ್ಲಿ ಮರಿಗಳ ಕಟಕಟೆ, ಪಕ್ಕದಲ್ಲಿ ರೇಡಿಯೋ. ಮನೆಯ ಸದ್ದು ಅಭ್ಯಾಸವಾಗಲಿ ಎಂದು ಅದು ಸದಾ ಹಾಡುತ್ತಿರುತ್ತದೆಯಂತೆ. ಮೂರು ಮರಿ ಆಗಲೇ ಹೋಗಿದ್ದವು. ಉಳಿದ ಮೂರರಲ್ಲಿ ಕುನಿ ಯಾವುದೆಂದು ನನಗೆ ಹೇಳಬೇಕಾಗಲಿಲ್ಲ. ಅದು ಫ್ರೌ ಮೌಟೆಯ ದನಿ ಕೇಳಿದ್ದೇ ಎರಡೂ ಮುಂಗಾಲು ಕಟಕಟೆಯ ಮೇಲಿಟ್ಟು, ತಡವಾಗಿ ಬಂದವರನ್ನು ಗದರುವ ಅಧಿಕಾರಿಯ ಹಾಗೆ ಬೊಗಳಿತು. ಒಲೆಯ ಬಳಿ ಮುದಿ ಶ್ನೌಜರ್ ಒಂದು ಮಲಗಿತ್ತು, ಅದು ತಲೆ ಕೂಡ ಎತ್ತಲಿಲ್ಲ.

ಕಾಫಿ ಬಂತು, ಜಡೆ ಹೆಣೆದಂತಿರುವ ಸಿಹಿ ಬ್ರೆಡ್ಡು ಬಂತು. ಫ್ರೌ ವಿಡ್ಮನ್ ಕನ್ನಡಕ ಏರಿಸಿ ಕಾಗದಗಳನ್ನು ಹರಡಿಕೊಂಡರು. ತೆಳ್ಳನೆಯ, ನಗು ಕಡಿಮೆಯ ಹೆಂಗಸು. ಒಪ್ಪಿಗೆ ಪತ್ರದ ಆರು ಸಹಿ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಹಾಗಾದ್ರೆ ನೀವೇ ಹೆರ್ ಬಿಟ್ಸರ್. ನಾಳೆ ಫ್ರೌ ಮೌಟೆಗೆ ಏನಾದ್ರೂ ಆದ್ರೆ ಮರಿ ನಿಮ್ಮ ಜವಾಬ್ದಾರಿ. ಸರಿ ತಾನೆ?"

ಬ್ರೆಡ್ಡನ್ನು ತಟ್ಟೆಗೆ ವಾಪಸ್ ಇಟ್ಟೆ. "ನಾನು ಡ್ರೈವರ್ ಅಷ್ಟೇ," ಎಂದೆ.

ಅವರು ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಫ್ರೌ ಮೌಟೆಯ ಗುಂಡಗಿನ ಅಕ್ಷರದಲ್ಲಿ ನನ್ನ ಪೂರ್ತಿ ಹೆಸರು, ವಿಳಾಸ, ಫೋನ್ ನಂಬರ್. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

"ಎಪ್ಪತ್ತು ದಾಟಿದವರಿಗೆ ಎರಡನೇ ಹೆಸರಿಲ್ಲದೆ ನಾನು ಮರಿ ಕೊಡಲ್ಲ," ಎಂದರು ಫ್ರೌ ವಿಡ್ಮನ್. "ಒಲೆ ಹತ್ರ ಮಲಗಿದೆಯಲ್ಲ, ಅದನ್ನ ಹನ್ನೊಂದು ವರ್ಷದ ಹಿಂದೆ ಒಬ್ಬ ಯಜಮಾನರಿಗೆ ಕೊಟ್ಟಿದ್ದೆ. ಅವರು ಮಂಚದ ಮೇಲೆ ತೀರ್ಕೊಂಡ್ರು. ಬಾಗಿಲು ಒಡೆಯೋಷ್ಟರಲ್ಲಿ ನಾಲ್ಕು ದಿನ ಆಗಿತ್ತು. ಅಷ್ಟೂ ದಿನ ಅದು ಮಂಚದ ಕೆಳಗೇ ಇತ್ತು. ಇನ್ನೊಂದು ಸಲ ಹಾಗಾಗೋದಕ್ಕೆ ನಾನು ಬಿಡಲ್ಲ. ಮಕ್ಕಳಿರೋ ಮನೆಯವರೊಬ್ರು ಈ ಮರಿಗೆ ಕಾಯ್ತಿದ್ದಾರೆ. ನೀವು ಇಲ್ಲ ಅಂದ್ರೆ ಈಗಲೇ ಅವರಿಗೆ ಫೋನ್ ಮಾಡ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಕಾರು ಎತ್ತಿಸಿದ ಹಾಗೆ ನನ್ನನ್ನೂ ಬೆರಳು ಮಾಡಿ ಇಳಿಸಿದ್ದರು. ಇಲ್ಲ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಕಾರಣ ಬೇಕಲ್ಲ ಎಂದು ಹಳೆಯದನ್ನೇ ಹಿಡಿದೆ.

"ಆ ಕೂದಲು ನನ್ನ ಮನೆಯೆಲ್ಲ ಉದುರಿದ್ರೆ..."

"ಯಾವ ಕೂದಲು?" ಫ್ರೌ ವಿಡ್ಮನ್ ಆ ದಿನ ಮೊದಲ ಸಲ ನಕ್ಕರು. "ಶ್ನೌಜರ್ ಕೂದಲು ಉದುರಿಸಲ್ಲ ಸ್ವಾಮಿ. ನಾವೇ ಕೂತು ಕೈಯಲ್ಲಿ ಕೀಳ್ಬೇಕು. ಇವರಿಗೆ ಮೊದಲ ದಿನವೇ ತೋರಿಸಿಕೊಟ್ಟಿದ್ದೀನಿ."

ನಾನು ಫ್ರೌ ಮೌಟೆಯ ಕಡೆ ತಿರುಗಿದೆ. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಒಂದು ತಿಂಗಳು ನನ್ನ ಬಾಯಿ ಯಾಕೆ ನೋಯಿಸಿದ್ರಿ? ಮೊದಲ ದಿನವೇ ಹೇಳಿದ್ರೆ ಮುಗೀತಿತ್ತಲ್ಲ!"

"ಹೇಳಿದ್ರೆ ಮುಗೀತಿತ್ತು," ಎಂದರು ಅವರು. "ಅದಕ್ಕೇ ಹೇಳ್ಲಿಲ್ಲ."

ರೇಡಿಯೋದಲ್ಲಿ ಯಾರೋ ಹವಾಮಾನ ಓದುತ್ತಿದ್ದರು. ಫ್ರೌ ಮೌಟೆ ಮುಂದಿನ ನಿಲ್ದಾಣ ಹೇಳುವ ದನಿಯಲ್ಲೇ ಮಾತಾಡಿದರು, ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ. "ಆ ತಿಂಗಳು ನೀವು ಹದಿನೆಂಟು ಸಲ ಮೇಲೆ ಬಂದ್ರಿ. ಅದಕ್ಕೆ ಮುಂಚೆ ಏಳು ವರ್ಷದಲ್ಲಿ ನನ್ನ ಬಾಗಿಲು ಹದಿನೆಂಟು ಸಲ ಯಾರೂ ತಟ್ಟಿಲ್ಲ. ಈ ಹಾಳೆ ತುಂಬೋದಕ್ಕೆ ಕೂತಾಗ ಎಲ್ಲಾರನ್ನೂ ನೆನಪು ಮಾಡ್ಕೊಂಡೆ. ತಂಗಿ ಹೋದ್ಲು. ನನ್ನ ಜೊತೆ ಟ್ರಾಮ್ ಓಡಿಸ್ತಿದ್ದ ಲೀಸೆಲೊಟ್ಟೆಗೆ ಈಗ ನನ್ನ ಗುರುತೇ ಸಿಗಲ್ಲ. ಕೊನೆಗೆ ಅಂದ್ಕೊಂಡೆ, ಇನ್ನೂ ಬರದೇ ಇರೋ ಕೂದಲಿಗೆ ಒಂದು ತಿಂಗಳು ಜಗಳ ಆಡೋ ಮನುಷ್ಯ, ಬಂದ ನಾಯೀನ ಮಂಚದ ಕೆಳಗೆ ಬಿಡಲ್ಲ. ನನ್ನನ್ನೂ ಬಿಡಲ್ಲ. ಕೇಳದೆ ಬರೆದದ್ದು ತಪ್ಪು. ಇಲ್ಲ ಅನ್ನೋದಾದ್ರೆ ಇಲ್ಲ ಅನ್ನಿ, ಬ್ಯಾಗ್ ತಗೊಂಡು ಎದ್ದು ಬರ್ತೀನಿ. ದಾರೀಲಿ ಒಂದು ಮಾತೂ ಆಡಲ್ಲ."

ಹೇಳಿ ಮುಗಿಸಿ ಅವರು ಕಪ್ಪನ್ನು ತುಟಿಗೆ ಒಯ್ದು ಕುಡಿದರು. ಕಪ್ಪು ಆಗಲೇ ಖಾಲಿಯಾಗಿತ್ತು. ಇನ್ನೊಂದು ಸಲ ಕುಡಿದರು.

ನನ್ನ ಹೆಂಡತಿ ಬಿಟ್ಟುಹೋಗಿ ಹನ್ನೆರಡು ವರ್ಷವಾಗಿದೆ. ಅಂಥದೊಂದು ಹಾಳೆಯನ್ನು ನನ್ನ ಮುಂದಿಟ್ಟು ಎರಡನೇ ಹೆಸರು ಬರಿ ಎಂದರೆ ನಾನು ಯಾರನ್ನು ಬರೆಯುತ್ತೇನೆ ಎಂದು ಯೋಚಿಸಿದೆ. ಬೇಳೆ ಸಾರಿನ ತಟ್ಟೆಯ ಆಚೆ ಕೂತು ನನ್ನ ಬೈಗುಳ ಕೇಳಿಸಿಕೊಂಡ ಈ ಹೆಂಗಸಿನ ಹೆಸರಲ್ಲದೆ ಬೇರೆ ಒಂದೂ ಬರಲಿಲ್ಲ. ಕೋಪ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

"ಪೆನ್ ಕೊಡಿ," ಎಂದೆ.

ಸಹಿ ಹಾಕಿದೆ. ಫ್ರೌ ವಿಡ್ಮನ್ ಹಾಳೆಯನ್ನು ಎಳೆದುಕೊಂಡು ನೋಡಿ ವಾಪಸ್ ತಳ್ಳಿದರು. "ಇದೊಂದು ಜಾಗ ಖಾಲಿ ಇದೆ. ಮರಿ ಕೊಳ್ಳೋರಿಗೆ ನೀವು ಏನಾಗಬೇಕು, ಅಲ್ಲಿ ಬರೀರಿ."

ನನ್ನ ಹೆಸರು ವಿಳಾಸ ಎಲ್ಲ ತಾವೇ ತುಂಬಿದ್ದ ಫ್ರೌ ಮೌಟೆ ಅದೊಂದು ಜಾಗಕ್ಕೆ ಕೈ ಹಾಕಿರಲಿಲ್ಲ. ಪಕ್ಕದ ಮನೆಯವ ಎಂದು ಬರೆಯೋಣ ಅನ್ನಿಸಿತು, ಆದರೆ ಪಕ್ಕದ ಮನೆಯವರು ಮೆಟ್ಟಿಲ ಮೇಲೆ ನಮಸ್ಕಾರ ಹೇಳುತ್ತಾರೆ, ಅಷ್ಟೆ. ಸ್ನೇಹಿತ ಎಂದು ಬರೆದರೆ ಸುಳ್ಳಾಗುತ್ತಿತ್ತು. ಆ ಮಾತನ್ನು ನಾವಿಬ್ಬರೂ ಯಾವತ್ತೂ ಆಡಿರಲಿಲ್ಲ. ಕುನಿ ಕಟಕಟೆಯೊಳಗಿಂದ ಮತ್ತೊಮ್ಮೆ ಗದರಿತು.

ಬರೆದೆ: ನೆಂಟಸ್ತನ ಏನೂ ಇಲ್ಲ. ಕೆಳಗಿನ ಮನೆಯಲ್ಲಿದ್ದೇನೆ. ಎಲ್ಲಿಗೂ ಹೋಗುವವನಲ್ಲ.

ಫ್ರೌ ವಿಡ್ಮನ್ ಓದಿ, ಹಾಳೆಯನ್ನು ಫ್ರೌ ಮೌಟೆಯ ಮುಂದಿಟ್ಟು, ಮರಿ ತರಲು ಎದ್ದುಹೋದರು. ಫ್ರೌ ಮೌಟೆ ಅದನ್ನು ಒಂದು ಸಲ ಓದಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಇನ್ನೊಂದು ಸಲ ಓದಿದರು.

"ಅಕ್ಷರ ಒಳ್ಳೆ ಕೋಳಿ ಕಾಲಿನ ಹಾಗಿದೆ," ಎಂದರು. ಆ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.