ಕೆಂಗೇರಿಯ ಒರತೆ

ಊಟದ ಡಬ್ಬಿ ಇನ್ನೂ ಒದ್ದೆಯಾಗಿದೆ. ಬೆಂಗಳೂರು ಸೇರುವುದರೊಳಗೆ ಇದನ್ನು ಬರೆದಿಡುತ್ತೇನೆ.

ಎದುರಿನ ಗಾಡಿಗೆ ದಾರಿ ಬಿಡಲು ನಮ್ಮ ರೈಲನ್ನು ಕೆಂಗೇರಿಯಲ್ಲಿ ನಿಲ್ಲಿಸಿದ್ದರು. ಮೊಸರನ್ನ ತಿಂದ ಎಂಜಲು ಡಬ್ಬಿಯನ್ನು ಚೀಲದಲ್ಲಿಡುವುದು ನನ್ನಿಂದಾಗದು. ತೊಳೆಯೋಣವೆಂದು ಹತ್ತಿರದ ಹೊಳೆಗೆ ಇಳಿದೆ. ಬೇಸಿಗೆಗೆ ಹೊಳೆ ಬತ್ತಿತ್ತು. ಮರಳಲ್ಲಿ ತೋಡಿದ್ದ ಒರತೆಯೊಂದರ ಮೇಲೆ ಮುಳ್ಳಿನ ಕೊಂಬೆ ಮುಚ್ಚಿತ್ತು. ಕೆಳಗೆ ಮೊಣಕೈಯಾಳ ತಿಳಿನೀರು. ಕೊಂಬೆ ಸರಿಸಿ ಡಬ್ಬಿಯನ್ನು ಅದರಲ್ಲೇ ಅದ್ದಿ ತೊಳೆದೆ.

ನೀರು ಬೆಳ್ಳಗಾಗುವ ಹೊತ್ತಿಗೆ ಕೊಡ ಹಿಡಿದ ಮುದುಕಿಯೊಬ್ಬಳು ಬಂದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ.

"ಕುಡಿಯೋ ನೀರು ಸ್ವಾಮಿ ಇದು. ದನ ಬಾಯಿ ಹಾಕ್ಬಾರ್ದು ಅಂತ ಮುಳ್ಳು ಮುಚ್ತೀವಿ."

"ಗೊತ್ತಾಗಲಿಲ್ಲ ತಾಯಿ."

"ಹೋದ್ ಬೇಸಿಗೇಲೂ ಯಾರೋ ರೈಲಿನೋರು ಹಿಂಗೇ ಬಂದು ವಾಂತಿ ಬಟ್ಟೆ ಜಾಲಿಸ್ಕೊಂಡು ಹೋಗಿದ್ರು. ಅದು ನಮಗೆ ಆಮೇಲೆ ಗೊತ್ತಾಯ್ತು. ಅಷ್ಟರಲ್ಲಿ ಕುಡಿದಿದ್ವಿ. ನಾನು ಬದುಕ್ದೆ, ಸೊಸೆ ಉಳೀಲಿಲ್ಲ."

ಅವಳು ಕುಕ್ಕರಗಾಲಲ್ಲಿ ಕುಳಿತು ತೆಂಗಿನ ಕರಟದಿಂದ ಆ ನೀರನ್ನು ಮೊಗೆದು ಚೆಲ್ಲತೊಡಗಿದಳು. ಕರಟಕ್ಕೆ ಕೈ ಚಾಚಿದೆ.

"ಬೇಡಿ ಸ್ವಾಮಿ. ನಿಮ್ ಗಾಡಿ ಹೊರಟೋಗ್ತದೆ."

ಎಂಜಿನ್ ಸಿಳ್ಳೆ ಹಾಕಿತು. ನಾನು ಓಡಿದೆ.

ಗಾಡಿ ನಿಧಾನವಾಗಿ ಹೊರಟಾಗ ಕಿಟಕಿಯಿಂದ ನೋಡಿದೆ. ಕೊನೆಯ ಹನಿಯನ್ನೂ ಚೆಲ್ಲಿದ ಮೇಲೆ ಅವಳು ಬರಿದಾದ ಗುಂಡಿಗೆ ಮತ್ತೆ ಮುಳ್ಳು ಮುಚ್ಚಿದಳು. ಖಾಲಿ ಕೊಡವನ್ನು ಪಕ್ಕಕ್ಕಿಟ್ಟುಕೊಂಡು ನೀರು ಊರುವವರೆಗೆ ಕಾಯಲು ಅಲ್ಲೇ ಕುಳಿತಳು, ಸ್ಟೇಷನ್ನಿನ ಕಡೆಗೆ ಮುಖ ಮಾಡಿ.